ಗುಂಡಿ ಎಲ್ಲಿದೆ ಮೇಡಂ?

ನಮ್ಮ ಅಂಗಡಿಗೆ ಮದುವೆ ಕರೆಯೋಲೆ, ಬಿಲ್ ಪುಸ್ತಕ, ಸಂಘದ ವಾರ್ಷಿಕ ವರದಿ ಮಾಡಿಸಿಕೊಳ್ಳೋಕೆ ಬರುವವರೇ ಹೆಚ್ಚು. ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮಾಡಿಕೊಂಡಿದ್ದೇನೆ. ಸರ್ಕಾರದ ಜೊತೆ ನನ್ನ ವ್ಯವಹಾರ ಅಂದರೆ ವರ್ಷಕ್ಕೊಮ್ಮೆ ಟ್ರೇಡ್ ಲೈಸೆನ್ಸ್ ನವೀಕರಣ, ತಿಂಗಳಿಗೊಮ್ಮೆ ಕರೆಂಟ್ ಬಿಲ್ಲು, ಅಷ್ಟೇ. ಅಂಥವಳಿಗೆ ನಗರಸಂಸ್ಥೆಯ ಕರಡು ಉಪವಿಧಿಗೆ, ಅಂದರೆ ಬೈಲಾಗೆ, ಆಕ್ಷೇಪಣೆ ಬರೆಯುವ ಉಸಾಬರಿ ಯಾಕೆ ಬಂತು ಅಂದರೆ, ಆ ಕರಡಿನಲ್ಲಿ ನಮ್ಮ ಬೀದಿಯೇ ಇತ್ತು. ಒಂದಲ್ಲ, ಎರಡು ಸಲ ಇತ್ತು.

ಊರಿನ ಹೆಸರು, ನಗರಸಂಸ್ಥೆಯ ಹೆಸರು ಹೇಳುವುದಿಲ್ಲ. ಅಲ್ಲಿ ನನಗೆ ಸಿಕ್ಕವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದು ಕತೆಯ ಕೊನೆಗೆ ಗೊತ್ತಾಗುತ್ತದೆ.

ಒಂದು ಶನಿವಾರ ಮಧ್ಯಾಹ್ನ ಪಕ್ಕದ ಮಳಿಗೆಯ ಟೈಲರಣ್ಣ ಮೊಬೈಲ್ ಹಿಡಿದುಕೊಂಡು ಬಂದರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವರಿಗೆ ಒಂದು ಕಾಲು ಸ್ವಾಧೀನದಲ್ಲಿಲ್ಲ. ಹಿಂದೆ ಎರಡು ಚಕ್ರ ಕೂರಿಸಿಕೊಂಡ ಸ್ಕೂಟರಿನಲ್ಲೇ ಓಡಾಟ. ವಾಟ್ಸ್ಆ್ಯಪಿನಲ್ಲಿ ಯಾರೋ ಕಳಿಸಿದ್ದ ಪಿಡಿಎಫ್ ತೋರಿಸಿ, ‘ಅಕ್ಕಾ, ಇನ್ಮೇಲೆ ರಸ್ತೆಬದಿ ಗಾಡಿ ನಿಲ್ಲಿಸಿದ್ರೆ ದುಡ್ಡು ಕೊಡ್ಬೇಕಂತೆ. ನಮ್ ರೋಡೂ ಇದೆಯಾ ನೋಡಿ’ ಅಂದರು.

ಕಡತವನ್ನು ಕಂಪ್ಯೂಟರಿಗೆ ಹಾಕಿಕೊಂಡು ಬೀದಿಯ ಹೆಸರು ಟೈಪ್ ಮಾಡಿ ಹುಡುಕಿದೆ. ಸಿಗಲಿಲ್ಲ. ‘ಇಲ್ಲ ಅಣ್ಣ, ನಮ್ಮದಿಲ್ಲ’ ಅಂತ ಹೇಳುವವಳಿದ್ದೆ. ಏನೋ ಅನುಮಾನ ಬಂದು ‘ರಸ್ತೆ’ ಅಂತ ಹುಡುಕಿದೆ. ರಸ್ತೆಗಳ ಪಟ್ಟಿಯಲ್ಲಿ ‘ರಸ್ತೆ’ ಅನ್ನುವ ಪದವೂ ಇಲ್ಲ! ಆಗ ಹೊಳೆಯಿತು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ನೆತ್ತಿಯ ಮೇಲೆ ಗೆರೆ ಎಳೆಸಿಕೊಂಡ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ. ಹಳೆಯ ನುಡಿ ಫಾಂಟು. ಡಿಟಿಪಿ ಮಾಡುವವರಿಗೆ ಪೌಂಡ್ ಚಿಹ್ನೆ ಕಂಡರೆ ದುಡ್ಡು ನೆನಪಾಗುವುದಿಲ್ಲ, ‘ನ’ ಅಕ್ಷರ ನೆನಪಾಗುತ್ತದೆ.

ನುಡಿಯನ್ನು ಬೈಯುತ್ತಿಲ್ಲ. ಅದು ನನಗೆ ಅನ್ನ ಕೊಟ್ಟ ತಂತ್ರಾಂಶ, ಈಗ ಅದರಲ್ಲೇ ಯೂನಿಕೋಡ್‌ನಲ್ಲೂ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿಯಲ್ಲೂ, ಬರೆಯಬಹುದು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಇತ್ತು. ಆದರೂ ಕಚೇರಿಗಳಲ್ಲಿ ಹಳೆಯ ಫಾಂಟಿನ ಅಭ್ಯಾಸ ಹೋಗಿಲ್ಲ. ಪರದೆಯ ಮೇಲೆ, ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡವೇ ಕಾಣುತ್ತದೆ. ಒಳಗೆ ಇರುವುದು ಕನ್ನಡವಲ್ಲ. ಹಾಗಾಗಿ ಹುಡುಕಿದರೆ ಸಿಗದು, ಕಣ್ಣು ಕಾಣದವರ ಮೊಬೈಲು ಅದನ್ನು ಓದಿ ಹೇಳದು. ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ, ಪ್ರಕಟವಾದ ಮೇಲೆ ಎಲ್ಲರಿಗೂ ತಿಳಿಸಿದಂತೆ ಎಂಬುದು ಕಾನೂನಿನ ಲೆಕ್ಕ. ತನ್ನ ಬೀದಿಯ ಹೆಸರು ಕೊಟ್ಟು ಹುಡುಕುವವನಿಗೆ ಮಾತ್ರ ಅದು ಪ್ರಕಟವೇ ಆಗಿರುವುದಿಲ್ಲ.

ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಒತ್ತಕ್ಷರಗಳು ಅಲ್ಲಲ್ಲಿ ಮುರಿದಿದ್ದವು, ಕೈಯಲ್ಲಿ ಸರಿಪಡಿಸಿದೆ. ಆಗ ನಮ್ಮ ಬೀದಿ ಸಿಕ್ಕಿತು. ಅನುಸೂಚಿಯ ಒಂದು ಕಡೆ ಹಳೆಯ ಹೆಸರಲ್ಲಿ, ಇನ್ನೊಂದು ಕಡೆ ಹೊಸ ಹೆಸರಲ್ಲಿ. ಒಂದರಲ್ಲಿ ಅಗಲ ಮೂವತ್ತು ಅಡಿ, ಇನ್ನೊಂದರಲ್ಲಿ ನಲವತ್ತು. ಚರಂಡಿಯಿಂದ ಚರಂಡಿಗೆ ಟೈಲರಣ್ಣನ ಟೇಪಿನಲ್ಲೇ ಅಳೆದೆವು. ಇಪ್ಪತ್ತು ಅಡಿ ಮೂರು ಇಂಚು.

ಕರಡಿನ ಕೊನೆಯಲ್ಲಿ ಎಂದಿನ ಸಾಲು: ಪ್ರಕಟವಾದ ದಿನದಿಂದ ಮೂವತ್ತು ದಿನದೊಳಗೆ ಬಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಲಾಗುವುದು. ದಿನ ಎಣಿಸಿದೆ. ಹತ್ತೊಂಬತ್ತು ಆಗಲೇ ಮುಗಿದಿತ್ತು.

ಭಾನುವಾರ ಕೂತು ಬರೆದೆ. ಒಟ್ಟು ಮೂರು ಮಾತು. ಬೀದಿ ಎರಡು ಸಲ ಸೇರಿದೆ, ಅಗಲವೂ ತಪ್ಪು. ಅಂಗವಿಕಲರ ವಾಹನಕ್ಕೆ ವಿನಾಯಿತಿ ಅಂತ ಬರೆದಿದ್ದೀರಿ, ಆದರೆ ವಾಹನದ ವ್ಯಾಖ್ಯಾನದಲ್ಲಿ ಇರುವುದು ಕಾರು ಮತ್ತು ಬೈಕು ಮಾತ್ರ, ಹೆಚ್ಚುವರಿ ಚಕ್ರ ಕೂರಿಸಿದ ಸ್ಕೂಟರಿನ ಮಾತೇ ಇಲ್ಲ. ಮೂರನೆಯದು, ಶುಲ್ಕವನ್ನು ಆ್ಯಪಿನಲ್ಲಷ್ಟೇ ಕಟ್ಟಬೇಕು ಅನ್ನುವ ನಿಯಮ ಬಿಡಿ, ನಗದನ್ನೂ ತೆಗೆದುಕೊಳ್ಳಿ. ನಮ್ಮ ಬೀದಿಗೆ ಬರುವ ಅರ್ಧ ಜನರ ಕೈಯಲ್ಲಿ ಇರುವುದು ಬಟನ್ ಫೋನು. ಮೂರನೆಯದರ ಮೇಲೆ ನನಗೆ ಬಹಳ ಭರವಸೆ ಇತ್ತು. ಚೆನ್ನಾಗಿಯೂ ಬರೆದಿದ್ದೆ, ಸ್ವಲ್ಪ ಭಾಷಣದ ಧಾಟಿ ಬಂದಿತ್ತು ಅನ್ನುವುದು ಬೇರೆ ಮಾತು.

ಸಲ್ಲಿಸಲು ವೆಬ್‌ಸೈಟಿಗೆ ಹೋದೆ. ‘ನಾಗರಿಕರ ಸಂಪರ್ಕ’ ಅಂತ ಒಂದು ಗುಂಡಿ. ಒತ್ತಿದರೆ ಮೊಬೈಲ್ ಸಂಖ್ಯೆ, ಒಟಿಪಿ, ಆಮೇಲೆ ವಿಷಯ ಆರಿಸಿ ಅನ್ನುವ ಪಟ್ಟಿ: ಬೀದಿದೀಪ, ಕಸ, ಒಳಚರಂಡಿ, ರಸ್ತೆ ಗುಂಡಿ, ಬೀದಿನಾಯಿ, ಇತರೆ. ಆಕ್ಷೇಪಣೆ ಅನ್ನುವುದು ಎಲ್ಲೂ ಇಲ್ಲ. ‘ಇತರೆ’ ಅಂತ ಕೊಟ್ಟೆ. ಐನೂರು ಅಕ್ಷರದ ಮಿತಿ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಕೆಗೆ ಬರುವುದರಿಂದ ‘ಸ್ತ್ರೀ’ ಅಂತ ಬರೆದರೆ ಒಂದಲ್ಲ, ಆರು ಅಕ್ಷರ. ನನ್ನ ಮೂರು ಮಾತಿನಲ್ಲಿ ಒಂದೂಕಾಲು ಮಾತು ಹಿಡಿಸಿತು. ಉಳಿದದ್ದಕ್ಕೆ ಇನ್ನೆರಡು ‘ದೂರು’ ದಾಖಲಿಸಿದೆ. ಮೂರಕ್ಕೂ ತಕ್ಷಣ ಸಂಖ್ಯೆ ಬಂತು. ಬೇಗ ಆಯಿತಲ್ಲ ಅಂತ ಖುಷಿಯೂ ಆಯಿತು.

ಮಂಗಳವಾರ ಬೆಳಿಗ್ಗೆ ಫೋನು. ವಾರ್ಡಿನ ಕಿರಿಯ ಎಂಜಿನಿಯರು. ಪಾಪ, ಬಹಳ ಮರ್ಯಾದೆಯಿಂದಲೇ ಮಾತಾಡಿದರು.

‘ನಿಮ್ಮ ಕಂಪ್ಲೇಂಟ್ ಬಂದಿದೆ. ಗುಂಡಿ ಎಲ್ಲಿದೆ ಮೇಡಂ?’

‘ಗುಂಡಿ ಇಲ್ಲ ಸಾರ್. ಕರಡು ಬೈಲಾಗೆ ಆಕ್ಷೇಪಣೆ ಅದು.’

‘ಹಾಗಾದ್ರೆ ರೋಡಲ್ಲಿ ಏನೂ ತೊಂದ್ರೆ ಇಲ್ವಾ?’

‘ರೋಡಲ್ಲಿ ಇಲ್ಲ.’

‘ಸರಿ ಮೇಡಂ, ಥ್ಯಾಂಕ್ಸ್.’

ಹತ್ತು ನಿಮಿಷದಲ್ಲಿ ಎಸ್ಸೆಮ್ಮೆಸ್ಸು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ದಯವಿಟ್ಟು ನಿಮ್ಮ ಅನುಭವಕ್ಕೆ ನಕ್ಷತ್ರ ನೀಡಿ.’ ಹೀಗೆ ಮೂರು ಸಲ. ಅವರ ಅಂಕಿ ಅಂಶದ ಫಲಕದಲ್ಲಿ ಆ ವಾರ ಪರಿಹಾರವಾದ ದೂರುಗಳ ಪೈಕಿ ಮೂರು ನನ್ನವು. ತಪ್ಪು ಆ ಹುಡುಗನದಲ್ಲ. ಅವನ ಕೈಗೆ ಕೊಟ್ಟ ಆ್ಯಪಿನಲ್ಲಿ ಇರುವುದೇ ಎರಡು ದಾರಿ, ಬಾಕಿ ಅಥವಾ ಪರಿಹಾರ. ದೂರು ಕೊಡುವವರು ಗೊತ್ತು, ಸೇವೆ ಕೇಳುವವರು ಗೊತ್ತು. ನಿಯಮ ಹೀಗಿದ್ದರೆ ವಾಸಿ ಅಂತ ಹೇಳಲು ಬರುವ ಮನುಷ್ಯರನ್ನು ಆ ತಂತ್ರಾಂಶ ಬರೆದವರು ಕಂಡೇ ಇರಲಿಲ್ಲ.

ಸೇವೆಯ ವಿಚಾರದಲ್ಲಿ ನಾನು ಸರ್ಕಾರವನ್ನು ಹಳಿಯುವವಳಲ್ಲ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಲೆದಾಡಿದ ಕಾಲ ನೋಡಿದ್ದೇನೆ. 2011ರ ಸಕಾಲ ಕಾಯ್ದೆ ಬಂದ ಮೇಲೆ ಅರ್ಜಿಗೊಂದು ಹದಿನೈದು ಅಂಕಿಯ ಸಂಖ್ಯೆ, ಇಷ್ಟು ದಿನ ಅಂತ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಎಲ್ಲ ಬಂತು. ಆ ಇಪ್ಪತ್ತು ರೂಪಾಯಿ ಇಸಿದುಕೊಂಡವರನ್ನು ನಾನು ನೋಡಿಲ್ಲ, ಆದರೆ ಸಂಖ್ಯೆ ಹಿಡಿದುಕೊಂಡು ಹೋದವರಿಗೆ ಕೌಂಟರಿನಲ್ಲಿ ಸಿಗುವ ಮಾತಿನ ಧಾಟಿ ಬದಲಾದದ್ದು ನೋಡಿದ್ದೇನೆ. ನನಗೆ ಬೇಕಾಗಿದ್ದದ್ದು ಪ್ರಮಾಣಪತ್ರವಲ್ಲ, ಒಂದು ಉತ್ತರ. ಅದಕ್ಕೆ ಗಡುವೂ ಇಲ್ಲ, ಸಂಖ್ಯೆಯೂ ಇಲ್ಲ.

ರಾಜ್ಯಪತ್ರದಲ್ಲಿ ಕೊಟ್ಟಿದ್ದ ಇ-ಮೇಲಿಗೆ ಕಳಿಸಿದೆ. ಪೆಟ್ಟಿಗೆ ಭರ್ತಿಯಾಗಿದೆ ಅಂತ ವಾಪಸು ಬಂತು. ಉಳಿದಿದ್ದು ನಾಲ್ಕು ದಿನ. ಮೂರು ಪ್ರತಿ ಮುದ್ರಿಸಿಕೊಂಡು ಬಸ್ಸು ಹತ್ತಿದೆ.

ಟಪಾಲು ಶಾಖೆಯಲ್ಲಿದ್ದ ಹಿರಿಯರು ಕನ್ನಡಕ ಹಣೆಗೇರಿಸಿ ಓದಿದರು. ಪೂರ್ತಿ ಓದಿದರು. ಆ ಇಡೀ ಪ್ರಕರಣದಲ್ಲಿ ನನ್ನ ಕಣ್ಣೆದುರು ಅದನ್ನು ಓದಿದ ಮೊದಲ ಸರ್ಕಾರಿ ಮನುಷ್ಯರು ಅವರು. ‘ಚೆನ್ನಾಗಿ ಬರೆದಿದ್ದೀಯಮ್ಮ. ಆದ್ರೆ ರೆಫರೆನ್ಸ್ ನಂಬರ್ ಹಾಕಿಲ್ಲ, ಯಾವ ಶಾಖೆಗೆ ಅಂತ ಹೋಗತ್ತೆ?’ ಅಂದು, ಅಧಿಸೂಚನೆಯ ಸಂಖ್ಯೆಯನ್ನು ತಾವೇ ಹುಡುಕಿ ಮೇಲೆ ಬರೆದು, ನನ್ನ ಪ್ರತಿಯ ಮೇಲೆ ಮೊಹರು ಒತ್ತಿ ಸಹಿ ಮಾಡಿ ಕೊಟ್ಟರು. ಆ ಮೊಹರು ಇಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ಆಮೇಲೆ ಐದು ತಿಂಗಳು ಸದ್ದೇ ಇಲ್ಲ.

ಆ ದಿನಗಳಲ್ಲಿ ಬೇರೆ ಕಡೆ ಇದು ಹೇಗೆ ನಡೆಯುತ್ತದೆ ಅಂತ ಹುಡುಕಿ ಓದಿದೆ. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವ ಪದ್ಧತಿ ಇಂಟರ್ನೆಟ್ಟಿನ ಕೊಡುಗೆ ಅಂದುಕೊಂಡಿದ್ದೆ. ಅಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಕಲಮಿನಲ್ಲೇ ಅದು ಇದೆ. ಬಂದ ಆಕ್ಷೇಪಣೆಯನ್ನು ಪರಿಗಣಿಸಬೇಕು ಅನ್ನುತ್ತದೆ. ಪರಿಗಣಿಸಿ ಏನಾಯಿತು ಅಂತ ಹೇಳಬೇಕು ಅನ್ನುವುದಿಲ್ಲ. ಬ್ರಿಟಿಷರಿಗೆ ಅದು ಬೇಕಿರಲಿಲ್ಲ, ಸರಿ. 2014ರಲ್ಲಿ ಕೇಂದ್ರ ಸರ್ಕಾರ ಶಾಸನಪೂರ್ವ ಸಮಾಲೋಚನೆಗೆ ಒಂದು ನೀತಿ ಮಾಡಿತು. ಕನಿಷ್ಠ ಮೂವತ್ತು ದಿನ ಕರಡು ಜನರ ಮುಂದಿರಬೇಕು, ಸರಳ ಭಾಷೆಯಲ್ಲಿ ವಿವರಣೆ ಇರಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ವೆಬ್‌ಸೈಟಿಗೆ ಹಾಕಬೇಕು ಅಂತ. ಕೇಂದ್ರದ ಸಚಿವಾಲಯಗಳಿಗೆ ಮಾಡಿದ ಆ ನೀತಿ ನಮ್ಮ ನಗರಸಂಸ್ಥೆಯನ್ನು ಮುಟ್ಟುವುದಿಲ್ಲ.

ಚೆನ್ನಾಗಿ ನಡೆದದ್ದೂ ಉಂಟು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಟರ್ನೆಟ್ ಸೇವೆಗಳ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಬಂದವು. ಅವನ್ನೆಲ್ಲ ಕಳಿಸಿದವರ ಇ-ಮೇಲ್ ವಿಳಾಸದ ಸಮೇತ ಬಯಲಿಗಿಟ್ಟು ಟ್ರಾಯ್ ಬೈಸಿಕೊಂಡಿತು, ಅದು ನಿಜ. ಆದರೆ ಬಂದ ಅಭಿಪ್ರಾಯ ಪ್ರಕಟಿಸುವುದು, ಅದಕ್ಕೆ ಪ್ರತಿ ಅಭಿಪ್ರಾಯ ಕರೆಯುವುದು, ಕೊನೆಗೆ ನಿಯಮದ ಜೊತೆ ಯಾಕೆ ಹೀಗೆ ಅಂತ ವಿವರಣೆ ಲಗತ್ತಿಸುವುದು ಅವರ ರೂಢಿ. 2016ರ ಫೆಬ್ರವರಿಯಲ್ಲಿ ಜಾಲತಾಣಕ್ಕೊಂದು ದರ ಇಡುವಂತಿಲ್ಲ ಅಂತ ತೀರ್ಮಾನಿಸಿದಾಗಲೂ ಕಾರಣಗಳನ್ನು ಬರೆದರು. ಒಪ್ಪದವರೂ ಅದನ್ನು ಓದಿ ಜಗಳ ಆಡಬಹುದಿತ್ತು.

ಭಾಷೆಯ ಜಗಳ ಬೇರೆಯೇ. 2020ರ ಪರಿಸರ ಪರಿಣಾಮ ಅಂದಾಜು ಕರಡು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಬಂದಾಗ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗೂ ಅನುವಾದಿಸಿ ಅಂತ ದೆಹಲಿ ಹೈಕೋರ್ಟೇ ಹೇಳಬೇಕಾಯಿತು. ನಮ್ಮದು ಕನ್ನಡದಲ್ಲೇ ಇತ್ತು, ಪುಣ್ಯ. ಕನ್ನಡ ಇದ್ದೂ ಇಲ್ಲದಂತಿತ್ತು ಅನ್ನುವುದು ಫಾಂಟಿನ ಕತೆ.

ಆರನೇ ತಿಂಗಳು ಅಂತಿಮ ಅಧಿಸೂಚನೆ ಬಂತು. ‘ಸ್ವೀಕೃತವಾದ ಆಕ್ಷೇಪಣೆ ಮತ್ತು ಸಲಹೆಗಳನ್ನು ಪರಿಗಣಿಸಿ’ ಅಂತ ಶುರುವಾಗುತ್ತದೆ. ಮತ್ತೆ ಪರಿವರ್ತಕ, ಮತ್ತೆ ಮುರಿದ ಒತ್ತಕ್ಷರ. ಕರಡನ್ನೂ ಅಂತಿಮವನ್ನೂ ಪಕ್ಕಪಕ್ಕ ಇಟ್ಟು ಪ್ರೂಫ್ ನೋಡುವ ಹಾಗೆ ಸಾಲು ಸಾಲು ನೋಡಿದೆ. ನಮ್ಮ ಬೀದಿ ಒಂದೇ ಸಲ ಇತ್ತು! ಅಗಲ ಇಪ್ಪತ್ತು ಅಡಿ. ಟೈಲರಣ್ಣನ ಟೇಪಿಗೆ ರಾಜ್ಯಪತ್ರದಲ್ಲಿ ಜಾಗ ಸಿಕ್ಕಿತ್ತು, ಮೂರು ಇಂಚು ಬಿಟ್ಟು. ಹೆಚ್ಚುವರಿ ಚಕ್ರದ ಸ್ಕೂಟರೂ ವ್ಯಾಖ್ಯಾನದಲ್ಲಿ ಬಂದಿತ್ತು. ನಗದಿನ ಮಾತು ಮಾತ್ರ ಇಲ್ಲ. ಆ್ಯಪೇ ಗತಿ.

ಅವರು ನನ್ನ ಕಾಗದ ಓದಿದ್ದಾರೆ ಅನ್ನುವುದು ಇಷ್ಟರಿಂದ ಗೊತ್ತಾಯಿತು. ಆದರೆ ಓದಿದವರು ಮೂರನೆಯದನ್ನು ಯಾಕೆ ಬಿಟ್ಟರು? ಸಂಪೂರ್ಣ ನಿರ್ಲಕ್ಷಿಸಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಮೂರರಲ್ಲಿ ಎರಡು ಒಪ್ಪಿ ಬಾಯಿ ಮುಚ್ಚಿಕೊಂಡದ್ದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿ ಎರಡು ಚಿಕ್ಕ ಸಾಲುಗಳಿವೆ. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ಮಾಡುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು, ಆಡಳಿತದ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ಕೊಡಬೇಕು ಅಂತ. ಕೇಳದೆಯೇ ಕೊಡಬೇಕಾದದ್ದು. ನಾನು ಕೇಳಿದೆ. ನಮೂನೆ ‘ಎ’, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ನನ್ನದು 190 ಆಗಿತ್ತು. ವೃತ್ತಿಯ ಬುದ್ಧಿ ಉಪಯೋಗಕ್ಕೆ ಬಂತು. ‘ಸ್ವೀಕರಿಸಿದ ಎಲ್ಲ ಆಕ್ಷೇಪಣೆಗಳ ಮೇಲೆ’ ಅನ್ನುವುದನ್ನು ‘ಸ್ವೀಕೃತಾಕ್ಷೇಪಣೆಗಳೆಲ್ಲದರಮೇಲೆ’ ಅಂತ ಸಂಧಿ ಸಮಾಸ ಮಾಡಿ ಜಡೆ ಹೆಣೆದಂತೆ ಹೆಣೆದು 148ಕ್ಕೆ ತಂದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಭಾಗ್ಯವಿಲ್ಲ.

ಇಪ್ಪತ್ತಾರನೇ ದಿನ ಉತ್ತರ: ಕಡತವನ್ನು ಖುದ್ದಾಗಿ ಬಂದು ನೋಡಬಹುದು.

ಹೋದೆ. ಈ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಪಾಟಿನಿಂದ ದಾರ ಕಟ್ಟಿದ ಕಡತ ತೆಗೆದು, ಕುರ್ಚಿ ಎಳೆದು, ಫ್ಯಾನು ನನ್ನ ಕಡೆ ತಿರುಗಿಸಿದರು. ಒಟ್ಟು ಮೂವತ್ತೇಳು ಆಕ್ಷೇಪಣೆ. ಇಪ್ಪತ್ತೊಂದು ಒಂದೇ ಒಕ್ಕಣೆಯವು, ಸಹಿ ಮಾತ್ರ ಬೇರೆ ಬೇರೆ. ಯಾರೋ ವಾಟ್ಸ್ಆ್ಯಪಿನಲ್ಲಿ ಮಾದರಿ ಹಂಚಿದ್ದರು. ನನ್ನದು ಇಪ್ಪತ್ತೊಂಬತ್ತನೆಯದು. ಟಪಾಲಿನ ಹಿರಿಯರು ಬರೆದ ಸಂಖ್ಯೆ ಮೇಲೆ ಹಾಗೇ ಇತ್ತು.

ಟಿಪ್ಪಣಿ ಹಾಳೆಯ ಹಿಂದೆ ಒಂಬತ್ತು ಪುಟದ ಕೋಷ್ಟಕ. ಕೈಬರಹ. ಕ್ರಮಸಂಖ್ಯೆ, ಆಕ್ಷೇಪಣೆಯ ಸಾರ, ಷರಾ. ಅದೆಷ್ಟು ಶ್ರದ್ಧೆಯಿಂದ ಮಾಡಿದ್ದರು ಅಂದರೆ, ಒಂದೇ ಒಕ್ಕಣೆಯ ಇಪ್ಪತ್ತೊಂದಕ್ಕೂ ಬೇರೆ ಬೇರೆ ಸಾಲು. ನನ್ನ ಮೂರನೇ ಮಾತಿನ ಎದುರು ಪೆನ್ಸಿಲಿನಲ್ಲಿ ಎರಡು ಸಾಲು: ಹಿಂದೆ ಗುತ್ತಿಗೆದಾರರು ನಗದು ವಸೂಲಿ ಮಾಡುತ್ತಿದ್ದಾಗ ರಸೀದಿ ಪುಸ್ತಕ ತಾಳೆಯಾಗದೆ ಲೆಕ್ಕಪರಿಶೋಧನೆಯ ಆಕ್ಷೇಪ ಬಂದಿದೆ, ಇನ್ನೂ ತೀರುವಳಿಯಾಗಿಲ್ಲ. ಆದ್ದರಿಂದ ನಗದು ಬೇಡ.

ನ್ಯಾಯವಾದ ಕಾರಣ. ನಮ್ಮ ಸಂತೆ ಮೈದಾನದಲ್ಲಿ ರಸೀದಿ ಕೊಡದೆ ದುಡ್ಡು ಇಸಿದುಕೊಳ್ಳುತ್ತಿದ್ದ ಹುಡುಗರು ನನಗೂ ನೆನಪಿದ್ದಾರೆ. ಈ ಎರಡು ಸಾಲು ಐದು ತಿಂಗಳ ಮುಂಚೆ ಕಂಡಿದ್ದರೆ ನಗದು ಅಂತ ಹಟ ಹಿಡಿಯುತ್ತಿರಲಿಲ್ಲ. ಕಚೇರಿಯ ಕೌಂಟರಿನಲ್ಲಿ ತಿಂಗಳ ಪಾಸು ಕೊಡಿ, ಗಾಡಿಗೆ ಅಂಟಿಸಿಕೊಳ್ಳುತ್ತೇವೆ, ಬೀದಿಯಲ್ಲಿ ಯಾರ ಕೈಗೂ ದುಡ್ಡು ಹೋಗುವುದಿಲ್ಲ ಅಂತ ಬರೆಯುತ್ತಿದ್ದೆ. ಆ ಯೋಚನೆ ಬಂದದ್ದು ಅಲ್ಲೇ, ಪೆನ್ಸಿಲ್ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಾಗ.

‘ಇಷ್ಟು ಚೆನ್ನಾಗಿ ಮಾಡಿದ್ದೀರಿ, ಇದನ್ನ ವೆಬ್‌ಸೈಟಿಗೆ ಹಾಕಬಹುದಿತ್ತಲ್ಲ ಮೇಡಂ?’ ಅಂದೆ.

‘ಹಾಕಿ ಅಂತ ಯಾರೂ ಹೇಳಿಲ್ಲ ಮೇಡಂ. ಹಾಕ್ಬೇಡಿ ಅಂತಾನೂ ಹೇಳಿಲ್ಲ. ಕೈಬರಹ ಹೇಗೆ ಹಾಕೋದು? ಟೈಪ್ ಮಾಡೋ ಹುಡುಗ ಟ್ರಾನ್ಸ್‌ಫರ್ ಆಗಿ ಎಂಟು ತಿಂಗಳಾಯ್ತು.’

ಪುಟಕ್ಕೆ ಎರಡು ರೂಪಾಯಿಯಂತೆ ಹದಿನೆಂಟು ರೂಪಾಯಿ ಕಟ್ಟಿ ಒಂಬತ್ತು ಪುಟದ ಪ್ರತಿ ತಂದೆ. ಅಂಗಡಿಯಲ್ಲಿ ಸೀಸನ್ ಇರಲಿಲ್ಲ, ಆಷಾಢ. ಎರಡು ಸಂಜೆ ಕೂತು ಕೋಷ್ಟಕವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದೆ. ಹೆಸರು, ವಿಳಾಸ ತೆಗೆದು ಬರೀ ಆಕ್ಷೇಪಣೆ ಮತ್ತು ಷರಾ ಉಳಿಸಿದೆ. ಟ್ರಾಯ್ ಕತೆ ಓದಿದ್ದೆನಲ್ಲ. ಒಂದು ಪ್ರತಿ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದೆ. ಪಾಸಿನ ವಿಚಾರ ಒಂದು ಪುಟ ಬರೆದು, ಈ ಸಲ ರೆಫರೆನ್ಸ್ ನಂಬರ್ ಮರೆಯದೆ ಹಾಕಿ, ಟಪಾಲಿಗೆ ಕೊಟ್ಟು ಬಂದೆ. ಹಿರಿಯರು ನಿವೃತ್ತರಾಗಿದ್ದರು. ಹೊಸಬರು ಓದದೆ ಮೊಹರು ಒತ್ತಿದರು.

ಟೈಲರಣ್ಣ ಬಾಗಿಲ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡೇ ಒಂಬತ್ತೂ ಪುಟ ಓದಿದರು. ‘ಹದಿನಾಲ್ಕನೇದು ಬರೆದೋನು ಯಾರೋ ನಮ್ ಹಿಂದಿನ ಬೀದಿಯೋನೇ ಅಕ್ಕಾ. ಅವನು ಹೇಳಿರೋದೂ ಸರಿ ಇದೆ’ ಅಂದರು.

ಮೂರು ವಾರದ ಮೇಲೆ ವಿಷಯ ನಿರ್ವಾಹಕರ ಫೋನು. ‘ಮೇಡಂ, ನೀವು ಆ ಕೋಷ್ಟಕ ಟೈಪ್ ಮಾಡಿದ್ದೀರಂತೆ. ಸಾಹೇಬ್ರು ಕೇಳ್ತಿದ್ದಾರೆ, ಫೈಲ್ ಕಳಿಸ್ತೀರಾ? ಮುಂದಿನ ಬೈಲಾಗೆ ಹೀಗೇ ಮಾಡಿ ಹಾಕೋಣ ಅಂತಿದ್ದಾರೆ.’

‘ಧಾರಾಳವಾಗಿ. ಯಾವ ಫಾಂಟಲ್ಲಿ ಬೇಕು?’

‘ಹಳೇ ನುಡಿಯಲ್ಲೇ ಕೊಟ್ಬಿಡಿ ಮೇಡಂ, ನಮ್ ಸಿಸ್ಟಮಲ್ಲಿ ಅದೇ ಇರೋದು.’

ಎರಡರಲ್ಲೂ ಕಳಿಸಿದೆ.